ಮೂರನೇ ಪ್ರೆಸ್ಸಿನ ಎರಡನೇ ಅಕ್ಷರ

೧

ಈ ಕತೆಯ ಮೊದಲ ವಾಕ್ಯವನ್ನು ಈಗಾಗಲೇ ಒಂಬತ್ತು ಸಲ ಬರೆದು ಹೊಡೆದುಹಾಕಿದ್ದೇನೆ. ಇದು ಹತ್ತನೆಯದು. ಫ್ಯಾಕ್ಟರಿಯಿಂದ ಶುರು ಮಾಡಿದರೆ ನೀವು ಕಾರ್ಮಿಕರ ಕತೆ ಎಂದುಕೊಂಡು ಗಂಭೀರವಾಗಿ ಕೂರುತ್ತೀರಿ. ಚನ್ನಪಟ್ಟಣದಿಂದ ಶುರು ಮಾಡಿದರೆ ಈಗ ಬೊಂಬೆ ಬರುತ್ತದೆ ಎಂದು ಕಾಯುತ್ತೀರಿ. ಸ್ಪ್ಯಾನಿಷ್ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು ಹೇಗೆ ಎಂಬಲ್ಲಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ, ಅದು ನಿಮ್ಮ ತಪ್ಪಲ್ಲ. ಆದರೆ ನೇತ್ರಾಳ ಹೆದರಿಕೆ ಶುರುವಾದದ್ದು ಅಲ್ಲಿಂದಲೇ. ಹಾಗಾಗಿ ನನಗೂ ಬೇರೆ ದಾರಿಯಿಲ್ಲ.

(ನೇತ್ರಾ ಯಾರು ಎಂದು ಕೇಳಿ. ಕತೆಗಾರನನ್ನು ಒಬ್ಬರಾದರೂ ಕೇಳಬೇಕು, ಇಲ್ಲದಿದ್ದರೆ ಹೇಳಲು ಮುಜುಗರ.)

ನೇತ್ರಾ ಚನ್ನಪಟ್ಟಣದ ಮರಿಸ್ವಾಮಿಯವರ ಮಗಳು. ಮರಿಸ್ವಾಮಿಯವರದು ಮನೆಯ ಮುಂದಿನ ಜಗಲಿಯನ್ನೇ ಮುಚ್ಚಿ ಮಾಡಿಕೊಂಡ ಸಣ್ಣ ಬೊಂಬೆ ಕಾರ್ಖಾನೆ. ಎರಡು ಲೇತು, ಆಲೆಮರದ ತುಂಡುಗಳ ರಾಶಿ, ಬಣ್ಣಬಣ್ಣದ ಅರಗಿನ ಕಡ್ಡಿಗಳು. ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಆ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಅವಳ ಅಣ್ಣ ದಯಾನಂದ್ ಹೈಸ್ಕೂಲಿಗೆ ಸೇರುವ ಮೊದಲೇ ಆ ಲೇತಿನ ಮುಂದೆ ಕೂತವನು. ನೇತ್ರಾ ಮಾತ್ರ ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದಳು. ಅವಳ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಇಡೀ ಬೀದಿಗೇ ಗೊತ್ತಿತ್ತು. ಮದುವೆಯ ಲಗ್ನಪತ್ರಿಕೆಯ ಕವರಿನ ಮೇಲೆ ವಿಳಾಸ ಬರೆಸಿಕೊಳ್ಳಲು ಜನ ಅವಳ ಮನೆಗೇ ಬರುತ್ತಿದ್ದರು.

ಇಸವಿ ಎರಡು ಸಾವಿರದ ಏಳು. ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಬಿಡದಿಯ ಸುತ್ತಿನ ರಾಗಿ ಹೊಲಗಳಿಗೆ ತಂತಿಬೇಲಿ ಬಂತು, ಬೇಲಿಯ ಹಿಂದೆ ನೀಲಿ ಶೀಟಿನ ಶೆಡ್ಡು ಬಂತು, ಗೇಟಿನ ಪಕ್ಕ ವಾಚ್‌ಮನ್ನಿನ ಕುರ್ಚಿ ಬಂತು. ಆ ಕುರ್ಚಿಯಲ್ಲಿ ಕೂರಲು ಹೊಲದ ಹಳೆಯ ಯಜಮಾನನೇ ಬಂದ. ಪ್ಲಾಸ್ಟಿಕ್ ಆಟಿಕೆಗಳು ಬಂದು ಮರದ ಬೊಂಬೆಗೆ ಗಿರಾಕಿ ಕಡಿಮೆಯಾದ ಮೇಲೆ ಲೇತಿನವರು ಒಬ್ಬೊಬ್ಬರೇ ಕಂಪನಿ ಬಸ್ಸು ಹತ್ತತೊಡಗಿದರು. ದಯಾನಂದ್ ಹತ್ತಿದ. ಇಪ್ಪತ್ತು ವರ್ಷ ಪಕ್ಕದ ಓಣಿಯಲ್ಲಿ ಬೊಂಬೆ ಕಡೆದಿದ್ದ ಹುಸೇನ್ ಕೂಡ ಹತ್ತಿದರು.

ಅದು ಸ್ಪೇನಿನ ಕಂಪನಿ. (ಹೆಸರು ಹೇಳುವುದಿಲ್ಲ. ಅಂಥ ಕಂಪನಿ ಇರಲಿಲ್ಲ ಎಂದೇ ಇಟ್ಟುಕೊಳ್ಳಿ, ನನಗೂ ನೆಮ್ಮದಿ.) ಕಾರಿನ ಬಾಗಿಲಿಗೆ ಹಾಕುವ ಕಬ್ಬಿಣದ ಕೀಲುಗಳನ್ನು ಅಲ್ಲಿ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಆರು ಪ್ರೆಸ್ಸು. ಅವುಗಳ ಜೊತೆ ಇಗ್ನಾಸಿಯೋ ಎಂಬ ಎಂಜಿನಿಯರನೂ ಬಂದಿದ್ದ. ಅವನ ಮನೆಯವರು ಅವನನ್ನು ನಾಚೋ ಎಂದು ಕರೆಯುತ್ತಾರೆ ಎಂದು ಗೊತ್ತಾದ ಎರಡೇ ದಿನದಲ್ಲಿ ನಮ್ಮವರು ಅವನನ್ನು ನಾಚಪ್ಪ ಮಾಡಿದರು. ನಾಚಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಗಾಬರಿಯಾದರೆ ಇಂಗ್ಲಿಷ್ ಅವನನ್ನು ಬಿಟ್ಟು ಹೋಗುತ್ತಿತ್ತು. ಮೊದಲ ವಾರವೇ ಕ್ರೇನಿನ ಕೊಕ್ಕೆ ಜಾರಿದಾಗ ಅವನು ತನ್ನ ಭಾಷೆಯಲ್ಲಿ ಕೂಗಿಕೊಂಡ. ಕೆಳಗಿದ್ದ ಆರು ಜನ ಅಲ್ಲೇ ನಿಂತು ಅವನ ಮುಖ ನೋಡಿದರು. ಕೊಕ್ಕೆ ಒಂದು ಮೊಳ ದೂರದಲ್ಲಿ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಆವತ್ತೇ ಆಫೀಸಿನವರು ತೀರ್ಮಾನ ಮಾಡಿದರು: ಪ್ರತಿಯೊಬ್ಬ ಆಪರೇಟರಿಗೂ ನಲವತ್ತು ಸ್ಪ್ಯಾನಿಷ್ ಪದ ಗೊತ್ತಿರಬೇಕು. ಅವನ್ನು ಕನ್ನಡದಲ್ಲಿ ಬಿಡಿಸಿ ಬರೆದು ಗೋಡೆಗೆ ಹಾಕಬೇಕು. ಹಾಗೆ ಬರೆಯಲು ಒಳ್ಳೆಯ ಅಕ್ಷರದವರು ಬೇಕು.

ನೇತ್ರಾಳನ್ನು ಕೆಲಸಕ್ಕೆ ತೆಗೆದುಕೊಂಡು ಆರು ವಾರದ ಸ್ಪ್ಯಾನಿಷ್ ಕೋರ್ಸಿಗೆ ಬೆಂಗಳೂರಿಗೆ ಕಳಿಸಿದರು. ದಯಾನಂದ್ ಆಗ ಮೂರನೇ ಪ್ರೆಸ್ಸಿನಲ್ಲಿದ್ದ.

೨

ಈಗ ಪಾಠ. ಚಿಕ್ಕದು, ಓಡಬೇಡಿ.

ಸ್ಪ್ಯಾನಿಷ್ ಪದವನ್ನು ಬಿಡಿಸುವಾಗ ಪ್ರತಿ ತುಂಡಿನಲ್ಲೂ ಒಂದು ಸ್ವರ ಇರಬೇಕು. ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಆ ಕಡೆಗೊಂದು, ಈ ಕಡೆಗೊಂದು. ಆದರೆ ಗ್ರ, ಪ್ಲ ಇಂಥ ಜೋಡಿಗಳನ್ನು ಅಗಲಿಸುವಂತಿಲ್ಲ. ಅಪಾಯ ಎಂಬುದಕ್ಕೆ ಅವರ ಪದ ಪೆ-ಲಿ-ಗ್ರೋ. ಬಿಡಿಸಿದ ಮೇಲೆ ಭಾರ ಎಲ್ಲಿ, ಅಂದರೆ ಯಾವ ತುಂಡನ್ನು ಒತ್ತಿ ಹೇಳಬೇಕು ಎಂದು ಹುಡುಕಬೇಕು. ಪದ ಸ್ವರದಲ್ಲೋ ನ-ಕಾರದಲ್ಲೋ ಸ-ಕಾರದಲ್ಲೋ ಮುಗಿದರೆ ಕೊನೆಯದರ ಹಿಂದಿನ ತುಂಡಿಗೆ ಭಾರ, ಬೇರೆ ಯಾವುದರಲ್ಲಿ ಮುಗಿದರೂ ಕೊನೆಯ ತುಂಡಿಗೆ. ಅಕ್ಷರದ ನೆತ್ತಿಯ ಮೇಲೆ ಓರೆಗೆರೆ ಎಳೆದಿದ್ದರೆ ಈ ಯಾವ ನಿಯಮವೂ ಇಲ್ಲ, ಗೆರೆ ಎಲ್ಲಿದೆಯೋ ಅಲ್ಲೇ ಭಾರ. ಪೆ-*ಲಿ*-ಗ್ರೋ. *ಮಾ*-ಕಿ-ನ, ಅಂದರೆ ಯಂತ್ರ. ಅ-*ತ್ರಾಸ್*, ಅಂದರೆ ಹಿಂದಕ್ಕೆ. ಕುಯ್-*ದಾ*-ದೋ, ಅಂದರೆ ಹುಷಾರು.

ನೇತ್ರಾಳಿಗೆ ಇದು ತನ್ನದೇ ವಿಷಯ ಅನ್ನಿಸಿತು. ಡಿಗ್ರಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ, ಲಘು ಗುರು ಗುರುತಿಸಿ, ತರಗತಿಗೇ ಹೆಚ್ಚು ಅಂಕ ತೆಗೆದವಳು. ಮೊದಲ ವಾರವೇ ನಲವತ್ತೂ ಪದಗಳಿಗೆ ಪ್ರಸ್ತಾರ ಹಾಕಿ, ಒತ್ತಕ್ಷರದ ಹಿಂದಿನದೆಲ್ಲ ಗುರು, ದೀರ್ಘವೆಲ್ಲ ಗುರು ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಟ್ಟಳು. ಬೆಂಗಳೂರಿನ ಟೀಚರ್ ಹಾಳೆ ನೋಡಿ, ತುಂಬ ಚೆನ್ನಾಗಿದೆ, ನಲವತ್ತರಲ್ಲಿ ಇಪ್ಪತ್ತಾರು ತಪ್ಪು ಎಂದರು. ಒಂದು ಪದದಲ್ಲಿ ಮೂರು ಕಡೆ ಭಾರ ಹಾಕಿದ್ದೀಯ, ಇವರ ಪದದಲ್ಲಿ ಭಾರ ಒಂದೇ ಕಡೆ ಎಂದರು.

ಅವಳ ಹೆದರಿಕೆ ಅಲ್ಲಿ ಹುಟ್ಟಿತು. ತಪ್ಪು ಹಾಳೆಯೂ ಅಷ್ಟೇ ಅಂದವಾಗಿ ಕಾಣುತ್ತದೆ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೆದರಿಕೆ ದೊಡ್ಡದಾದದ್ದು ಶೆಡ್ಡಿನೊಳಗೆ. ಕೋರ್ಸು ಮುಗಿಸಿ ಬಂದ ದಿನ ಅವಳು ನಾಚಪ್ಪನನ್ನು ಮೂರನೇ ಪ್ರೆಸ್ಸಿನ ಆಚೆ ನಿಲ್ಲಿಸಿ, ತಾನು ಈಚೆ ನಿಂತು, ಆರೂ ಪ್ರೆಸ್ಸು ಓಡುತ್ತಿರುವಾಗ ಕೂಗಲು ಹೇಳಿದಳು. ಅವನ ಬಾಯಿ ಅಗಲವಾಯಿತು, ಕತ್ತಿನ ನರ ಉಬ್ಬಿತು, ಅವಳಿಗೆ ಕೇಳಿದ್ದು ಒಂದೇ ತುಂಡು: ದಾ. ಎರಡನೇ ಸಲವೂ ದಾ. ಮೂರನೇ ಸಲ ಬೇರೆ ಪದ ಕೂಗಿದ, ಕೇಳಿದ್ದು ಬರೀ ಲಿ. ಉಳಿದ ಅಕ್ಷರಗಳನ್ನೆಲ್ಲ ಪ್ರೆಸ್ಸು ನುಂಗಿಬಿಡುತ್ತಿತ್ತು. ಭಾರ ಬಿದ್ದ ಅಕ್ಷರ ಮಾತ್ರ ಕಿವಿಗೆ ತಲುಪುತ್ತಿತ್ತು. ಹಾಗಾದರೆ, ಎಂದು ಅವಳು ಅಲ್ಲೇ ನಿಂತು ಯೋಚಿಸಿದಳು, ನಾನು ಒಂದು ಗೆರೆ ತಪ್ಪಿ ಹಾಕಿದರೆ ಅಣ್ಣ ಬರದೇ ಇರುವ ಅಕ್ಷರಕ್ಕೆ ಕಾಯುತ್ತಾ ಇರುತ್ತಾನೆ. ಅವಳ ಅಂಗೈ ಬೆವರಿತು. ಕೈಯಲ್ಲಿದ್ದ ಹಾಳೆಯ ಶಾಯಿ ಕದಡಿತು.

೨ (ಇದೇ ಮುಂದುವರಿದದ್ದು)

ಕ್ಯಾಂಟೀನಿನಲ್ಲಿ ಪಾಠ. ಬೆಳಿಗ್ಗೆಯ ಶಿಫ್ಟಿನ ಮೂವತ್ತು ಜನ, ಸ್ಟೀಲಿನ ಟೇಬಲ್ಲು, ಉಪ್ಪಿಟ್ಟಿನ ವಾಸನೆ. ಅವಳು ಪದ ಹೇಳಬೇಕು, ಅವರು ಬಿಡಿಸಿ ಹೇಳಬೇಕು, ಭಾರದ ಅಕ್ಷರ ಬಂದಾಗ ಅಂಗೈಯಿಂದ ಟೇಬಲ್ಲು ತಟ್ಟಬೇಕು. ಮೊದಲ ದಿನ ಎಲ್ಲರೂ ಎಲ್ಲ ಪದಕ್ಕೂ ಮೊದಲ ಅಕ್ಷರಕ್ಕೇ ತಟ್ಟಿದರು. ನಮ್ಮ ನಾಲಗೆಯ ಅಭ್ಯಾಸವೇ ಹಾಗೆ. *ಕುಯ್*-ದಾ-ದೋ ಎಂದು ಯಾರೋ ತಟ್ಟಿದಾಗ, ಏನನ್ನ ಕುಯ್ದ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಕ್ಯಾಂಟೀನೆಲ್ಲ ನಕ್ಕಿತು. ನೇತ್ರಾ ಒಬ್ಬಳಿಗೇ ನಗು ಬರಲಿಲ್ಲ.

ಅವಳು ಬಿಡಲಿಲ್ಲ. ಮೂರು ವಾರ ತಟ್ಟಿಸಿದಳು. ಬಸ್ಸಿನಲ್ಲಿ ದಯಾನಂದನ ಪಕ್ಕ ಕೂತು, ಕೆಂಗಲ್ ಬರುವುದರೊಳಗೆ ಹತ್ತು ಪದ, ರಾಮನಗರ ಬರುವುದರೊಳಗೆ ಇನ್ನು ಹತ್ತು ಪದ ಕೇಳುತ್ತಿದ್ದಳು. ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಇದ್ದಕ್ಕಿದ್ದಂತೆ ಒಂದು ಅಕ್ಷರ ಮಾತ್ರ ಕೂಗುವಳು. ಅಣ್ಣ ಪೂರ್ತಿ ಪದವನ್ನೂ ಅರ್ಥವನ್ನೂ ಹೇಳಬೇಕು. ದಯಾನಂದ್ ಒಮ್ಮೆಯೂ ತಪ್ಪಲಿಲ್ಲ. ತಲೆ ತಿನ್ನಬೇಡ ಮಾರಾಯ್ತಿ ಎಂದು ರೇಗುತ್ತಿದ್ದ, ಆದರೆ ತಪ್ಪುತ್ತಿರಲಿಲ್ಲ. ಅವನು ಹೇಳುವಾಗ ಬೆರಳುಗಳು ತಾವಾಗಿ ಮಡಚಿ ಅರಗಿನ ಕಡ್ಡಿ ಹಿಡಿದವನ ಹಾಗೆ ನಿಲ್ಲುತ್ತಿದ್ದವು.

(ಕೊನೆಯ ವಾಕ್ಯವನ್ನು ಮರೆತುಬಿಡಿ. ಬೆರಳಿನ ವಿಷಯ ಇಲ್ಲಿ ಬರಬಾರದಿತ್ತು.)

ನಲವತ್ತು ಪದಗಳಲ್ಲಿ ಒಂದನ್ನು ನಾನು ಈವರೆಗೆ ಹೇಳಿಲ್ಲ. ಬಿಡು, ಕೈಯಲ್ಲಿರುವುದನ್ನು ಬಿಟ್ಟುಬಿಡು ಎಂದು ಅರ್ಥ. ಎರಡೇ ಅಕ್ಷರ. ಮೊದಲನೆಯದು ಸ್ವೆಲ್, ಭಾರ ಅದರ ಮೇಲೆಯೇ. ನಮ್ಮವರು ಎಲ್ಲ ಪದಕ್ಕೂ ಮೊದಲ ಅಕ್ಷರ ತಟ್ಟುತ್ತಿದ್ದರಲ್ಲ, ಹಾಗಾಗಿ ಇದೊಂದು ಪದ ಮೊದಲ ದಿನವೇ ಎಲ್ಲರಿಗೂ ಸರಿಯಾಗಿ ಬಂತು. ಇದರ ಬಗ್ಗೆ ನೇತ್ರಾ ಒಂದು ಕ್ಷಣವೂ ಹೆದರಲಿಲ್ಲ. ಎರಡನೇ ಅಕ್ಷರ ಯಾವುದು ಎಂದು ನಾನು ಬರೆಯುವುದಿಲ್ಲ.

೪

ಮೂರನೇ ಭಾಗವನ್ನು ಹರಿದು ಹಾಕಿದ್ದೇನೆ. ಏಕೆಂದು ಆಮೇಲೆ ಹೇಳುತ್ತೇನೆ, ಧೈರ್ಯ ಬಂದರೆ.

ಇಲ್ಲಿಯವರೆಗಿನ ಡ್ರಾಫ್ಟುಗಳ ವಿವರ: ಒಂದರಲ್ಲಿ ನೇತ್ರಾಳಿಗೂ ನಾಚಪ್ಪನಿಗೂ ಪ್ರೀತಿ ಹುಟ್ಟಿಸಿದ್ದೆ. ನೇತ್ರಾ ಎರಡನೇ ಪುಟದಲ್ಲೇ ಎದ್ದು ಹೋದಳು. ಇನ್ನೊಂದರಲ್ಲಿ ಅವಳಿಗೆ ಬೆಸ್ಟ್ ಟ್ರೈನರ್ ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದ್ದೆ. ಓದಿ ನನಗೇ ನಿದ್ದೆ ಬಂತು. ಈಗ ಬರೆಯುತ್ತಿರುವುದರಲ್ಲಿ ಅವಳು ಬಂದು ನನ್ನ ಮೇಜಿನ ಎದುರು ನಿಂತಿದ್ದಾಳೆ. ಕೂತುಕೋ ಎಂದರೂ ಕೂರಲಿಲ್ಲ.

"ಸಾರ್, ನಮ್ಮಣ್ಣನ ಕೈಗೆ ಏನ್ ಮಾಡ್ಬೇಕು ಅಂತಿದ್ದೀರಿ?"

ಏನೂ ತೀರ್ಮಾನ ಮಾಡಿಲ್ಲ ಎಂದೆ. ಕತೆ ತಾನಾಗಿ ಬೆಳೆಯುತ್ತದೆ, ಕತೆಗಾರ ಬರೀ ಹಿಂಬಾಲಿಸುತ್ತಾನೆ, ಇತ್ಯಾದಿ. ಸಂದರ್ಶನಗಳಲ್ಲಿ ಹೇಳುತ್ತೇವಲ್ಲ, ಅದೆಲ್ಲ.

"ಹಂಗಾದ್ರೆ ಪುಟಪುಟಕ್ಕೂ ಅವ್ನ ಬೆರಳು ಯಾಕ್ ಬತ್ತವೆ? ನೀವು ಹೊಡೆದಾಕಿರೋದ್ನೂ ಓದಿದೀನಿ ಸಾರ್ ನಾನು."

ಅವಳು ಬ್ಯಾಗಿನಿಂದ ನಲವತ್ತು ಪದಗಳ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ತಾನು ಎಳೆದ ಗೆರೆಗಳಲ್ಲಿ ಒಂದಾದರೂ ತಪ್ಪಿದ್ದರೆ ಈಗಲೇ ಹೇಳಿ, ಅಳಿಸಿ ಬರೆಯುತ್ತೇನೆ ಎಂದು ಬೇಡಿಕೊಂಡಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದೆ. ಎ-ಮೆರ್-*ಹೆನ್*-ಥ್ಯಾ, ತುರ್ತು. ಸರಿ. ಬೋ-*ತೋನ್*, ಗುಂಡಿ. ಸರಿ. *ಮಾ*-ನೋ, ಕೈ. ಸರಿ. ನಲವತ್ತೂ ಸರಿ ಇದ್ದವು. ಅಷ್ಟು ಶುದ್ಧವಾದ ಹಾಳೆಯನ್ನು ನಾನು ಕಂಡೇ ಇರಲಿಲ್ಲ.

ಸರಿ ಇದೆ ಎಂದು ಹೇಳಿದ ಮೇಲೆ ಅವಳ ಮುಖ ಇನ್ನಷ್ಟು ಬಿಳಿಚಿಕೊಂಡಿತು. ತಪ್ಪು ಹಾಳೆಯಲ್ಲಿದ್ದರೆ ಅಳಿಸಬಹುದಿತ್ತು. ಹಾಳೆಯಲ್ಲಿಲ್ಲ ಎಂದರೆ ಬೇರೆಲ್ಲೋ ಇದೆ, ಎಲ್ಲಿದೆ ಎಂದು ತನಗೆ ಗೊತ್ತಿಲ್ಲ, ಈ ಮನುಷ್ಯನಿಗೆ ಗೊತ್ತಿದೆ. ಅವಳು ಯೋಚಿಸಿದ್ದು ಇಷ್ಟೇ. ನನಗೆ ಅವಳ ಕಣ್ಣು ನೋಡಲಾಗಲಿಲ್ಲ, ಅದಕ್ಕೇ ಭಾಗ ನಾಲ್ಕನ್ನು ಇಲ್ಲಿಗೆ ಮುಗಿಸಿದೆ.

೫

ಆ ದಿನ.

ನವೆಂಬರಿನ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆ. ಮೂರನೇ ಪ್ರೆಸ್ಸಿಗೆ ಹೊಸ ಅಚ್ಚು ಕೂರಿಸಿ ಟ್ರಯಲ್ ನೋಡುತ್ತಿದ್ದರು. ಟ್ರಯಲ್ ಆದ್ದರಿಂದ, ಕೈ ಒಳಗೆ ಹೋಗದಂತೆ ತಡೆಯುವ ಮುಂದಿನ ಜಾಲರಿಯನ್ನು ಬಿಚ್ಚಿಟ್ಟಿದ್ದರು. ದಯಾನಂದ್ ಕಬ್ಬಿಣದ ಪಟ್ಟಿಯನ್ನು ಅಚ್ಚಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆಯಬೇಕು. ನಾಚಪ್ಪ ಆಚೆ ಬದಿಯಿಂದ ನೋಡಿ ತಲೆಯಾಡಿಸಬೇಕು. ಪಕ್ಕದಲ್ಲಿರುವ ಹುಸೇನ್ ಎರಡೂ ಅಂಗೈಯಿಂದ ಎರಡು ಗುಂಡಿ ಒತ್ತಬೇಕು. ಆಗ ಮೇಲಿನ ಭಾಗ ಇಳಿದು ಪಟ್ಟಿಯನ್ನು ಒತ್ತುತ್ತದೆ. ದೊಡ್ಡ ಗಾಲಿಯ ಬಲದಿಂದ ಇಳಿಯುವ ಪ್ರೆಸ್ಸು ಅದು. ಒಮ್ಮೆ ಹೊರಟರೆ ಅರ್ಧದಲ್ಲಿ ನಿಲ್ಲಿಸಲು ದೇವರಿಂದಲೂ ಆಗುವುದಿಲ್ಲ. ಗುಂಡಿ ಒತ್ತಿದ್ದರಿಂದ ಪೂರ್ತಿ ಇಳಿಯುವವರೆಗೆ ಒಂದೂವರೆ ಸೆಕೆಂಡು.

ಮೂವತ್ತೊಂದು ಪಟ್ಟಿ ಸರಿಯಾಗಿ ಹೋದವು. ನೇತ್ರಾ ನೆಲದ ಹಳದಿ ಗೆರೆಯ ಈಚೆ, ಎಂಟು ಹೆಜ್ಜೆ ದೂರದಲ್ಲಿ, ಪ್ಯಾಡ್ ಹಿಡಿದು ನಿಂತು ನಾಚಪ್ಪನ ಬಾಯಿಂದ ಬೀಳುವ ಪದಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಳು. ಹಳದಿ ಗೆರೆ ದಾಟಬಾರದು, ಆಪರೇಟರನ್ನು ಮುಟ್ಟಬಾರದು ಎಂದು ಅವಳ ತಲೆಯ ಮೇಲೇ ಬೋರ್ಡಿತ್ತು. ಅದನ್ನು ಬರೆದವಳೂ ಅವಳೇ.

ಮೂವತ್ತೆರಡನೇ ಪಟ್ಟಿ ಸ್ವಲ್ಪ ಸೊಟ್ಟಗೆ ಕೂತಿತು. ನಾಚಪ್ಪ ತಲೆಯಾಡಿಸಿಬಿಟ್ಟಿದ್ದ, ಹುಸೇನ್ ಗುಂಡಿ ಒತ್ತಿಬಿಟ್ಟಿದ್ದರು. ದಯಾನಂದನ ಬಲಗೈ ಇನ್ನೂ ಒಳಗಿತ್ತು, ಪಟ್ಟಿಯನ್ನು ನೇರ ಮಾಡುತ್ತಿತ್ತು. ನಾಚಪ್ಪ ಕೂಗಿದ. ಎರಡಕ್ಷರದ ಪದ, ಮೊದಲ ಅಕ್ಷರ ಸ್ವೆಲ್.

ಇಲ್ಲಿ ನಿಲ್ಲಿಸಿದ್ದೇನೆ. ಮೂರು ಮುಕ್ತಾಯಗಳಿವೆ, ನಿಮಗೆ ಬೇಕಾದ್ದನ್ನು ಎತ್ತಿಕೊಳ್ಳಿ.

(ಅ) ಕರೆಂಟು ಹೋಗುತ್ತದೆ. ನಮ್ಮ ಕಡೆ ಇದನ್ನು ಯಾರೂ ನಂಬದೆ ಇರಲಾರರು. ಆದರೆ ನೇತ್ರಾ, ಗಾಲಿಗೆ ಕರೆಂಟು ಬೇಕಾಗಿಲ್ಲ, ತಿರುಗಿರೋ ಬಲದಲ್ಲೇ ಇಳಿಯುತ್ತೆ ಸಾರ್ ಎಂದಳು. ಅವಳು ಹೇಳಿದ್ದು ನಿಜ. ಕತೆಗಾರನಿಗಿಂತ ಪಾತ್ರಕ್ಕೆ ಮೆಷಿನ್ನು ಚೆನ್ನಾಗಿ ಗೊತ್ತಿದ್ದರೆ ಇದೇ ಕಷ್ಟ.

(ಆ) ಸ್ವೆಲ್ ಎಂದು ಕೇಳಿದ ತಕ್ಷಣ ದಯಾನಂದ್ ಕೈ ಬಿಡುತ್ತಾನೆ. ಮೂರು ವಾರ ಟೇಬಲ್ಲು ತಟ್ಟಿದ್ದು ಸಾರ್ಥಕವಾಗುತ್ತದೆ. ಇದನ್ನು ಬರೆದು, ಅಳಿಸಿ, ಮತ್ತೆ ಬರೆದೆ. ನನಗೇ ನಂಬಿಕೆ ಬರುತ್ತಿಲ್ಲ. ಏಕೆ ಬರುತ್ತಿಲ್ಲ ಎಂಬುದು ಹರಿದ ಪುಟದಲ್ಲಿದೆ.

(ಇ) ಇದನ್ನು ಬರೆದರೆ ವಿಮರ್ಶಕರು ಮೆಚ್ಚುತ್ತಾರೆ. ಅಪ್ಪ, ಲೇತು, ಮಗನ ಅಂಗಿಯ ಖಾಲಿ ತೋಳು. ನೇತ್ರಾಳಿಗೆ ಓದಿ ಹೇಳಲು ಬಾಯಿ ತೆರೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

೩

ಹರಿದ ಪುಟವನ್ನು ಅಂಟಿಸಿದ್ದೇನೆ. ಓದಿಕೊಳ್ಳಿ.

ನಾನು ಮಾಗಡಿಯವನು. ಆ ವರ್ಷ ಅದೇ ಕಂಪನಿಯ ಟ್ರೈನಿಂಗ್ ವಿಭಾಗದಲ್ಲಿದ್ದೆ. ಮೂರು ತಿಂಗಳಿಗೊಮ್ಮೆ ಕೆಲಸಗಾರರಿಗೆ ಹಂಚುವ ನಾಲ್ಕು ಪುಟದ ಕನ್ನಡ ಪತ್ರಿಕೆ ಬರೆಯುವುದು ನನ್ನ ಕೆಲಸ. ನಮ್ಮವರ ಮನೆ ಎಂಬ ಅಂಕಣಕ್ಕಾಗಿ ಸೆಪ್ಟೆಂಬರಿನ ಒಂದು ಭಾನುವಾರ ಮರಿಸ್ವಾಮಿಯವರ ಮನೆಗೆ ಹೋದೆ. ಅಪ್ಪ ಮಗ ಇಬ್ಬರೂ ಲೇತಿನ ಮುಂದಿದ್ದರು. ಬಾಗಿಲಲ್ಲಿ ನಿಂತು ನಮಸ್ಕಾರ ಎಂದೆ. ಯಾರೂ ತಲೆಯೆತ್ತಲಿಲ್ಲ. ಇನ್ನೆರಡು ಸಲ ಜೋರಾಗಿ ಹೇಳಿದೆ. ಕೇಳಿಸಿತ್ತು, ದಯಾನಂದನ ಹುಬ್ಬು ಅಲುಗಿದ್ದು ಕಂಡೆ. ಆದರೂ ಇಬ್ಬರ ಕೈಯೂ ಮರದ ಮೇಲಿಂದ ಕದಲಲಿಲ್ಲ. ಒಳಗಿನಿಂದ ನೇತ್ರಾ ಕಾಫಿ ಲೋಟಗಳನ್ನು ಹಿಡಿದು ಬಂದವಳು ಒಂದು ಮಾತೂ ಆಡದೆ ಅಪ್ಪನ ಹೆಗಲ ಮೇಲೆ ಕೈಯಿಟ್ಟಳು. ಆಗ ಅವರು ಅರಗಿನ ಕಡ್ಡಿ ಎತ್ತಿದರು, ಲೇತು ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ಅಣ್ಣನ ಹೆಗಲು ಮುಟ್ಟಿದಳು. ಅವನೂ ಕೈ ಎತ್ತಿದ.

ತಪ್ಪು ತಿಳಿಯಬೇಡಿ ಎಂದು ಮರಿಸ್ವಾಮಿಯವರು ವಿವರಿಸಿದರು.

"ಲೇತ್ ಮುಂದೆ ಕುಂತೋನ್ನ ಕೂಗ್ಬಾರ್ದು ಸ್ವಾಮಿ. ಕೂಗಿಗೆ ಬೆಚ್ಚಿ ಕೈ ಎತ್ತುದ್ರೆ ಅರಗಿಗೆ ಗೀರು ಬೀಳ್ತದೆ, ಉಳಿ ಜಾರ್ತದೆ. ಅದ್ಕೆ ನಮ್ಮೋರ ಕೈಗೆ ಕೂಗು ಕೇಳ್ಸದಂಗೆ ಕಲ್ಸಿರ್ತೀವಿ. ಹೆಗಲು ಮುಟ್ಟುದ್ರೆ ಮಾತ್ರ ಬುಡೋದು."

ಹೇಗೆ ಕಲಿಸುತ್ತೀರಿ ಎಂದು ಕೇಳಿದೆ. ದಯಾನಂದ್ ನಗುತ್ತಾ ಹೇಳಿದ. ಚಿಕ್ಕವನಿದ್ದಾಗ ಅಪ್ಪ ಹಿಂದಿನಿಂದ ಬಂದು ಬೇಕೆಂದೇ ಕೂಗುತ್ತಿದ್ದರಂತೆ. ಹಾವು ಎನ್ನುತ್ತಿದ್ದರಂತೆ, ಬೆಂಕಿ ಎನ್ನುತ್ತಿದ್ದರಂತೆ. ಕೈ ಕದಲಿದರೆ ಆ ಬೊಂಬೆಯನ್ನು ಮೊದಲಿನಿಂದ ಕಡೆಯಬೇಕಿತ್ತಂತೆ. ಆರು ತಿಂಗಳಾದ ಮೇಲೆ ಏನು ಕೂಗಿದರೂ ಕೈ ಅಲ್ಲಾಡುತ್ತಿರಲಿಲ್ಲವಂತೆ. ಹಿಡಿದ ಸುತ್ತು ಮುಗಿಸದೆ ಕೈ ಬರುವುದೇ ಇಲ್ಲ ಎಂದ. ಆ ಓಣಿಗಳಲ್ಲಿ ಬೊಂಬೆ ಕಡೆಯುವವರೆಲ್ಲ ಹಾಗೇ ಎಂದ, ಹುಸೇನಣ್ಣನೂ ಅಷ್ಟೇ ಎಂದ.

ನಾನು ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡೆ. ಕೆಳಗೆ ಎರಡು ಗೆರೆ ಎಳೆದೆ. ಪಕ್ಕದಲ್ಲಿ, ಪತ್ರಿಕೆಗೆ ಬೇಡ, ಕತೆಗೆ ಆಗುತ್ತದೆ ಎಂದು ಬರೆದೆ.

ಮರುದಿನ ಸೋಮವಾರ ಕ್ಯಾಂಟೀನಿನಲ್ಲಿ ಕೂತು ಮೂವತ್ತು ಜನ ಟೇಬಲ್ಲು ತಟ್ಟುವುದನ್ನು ನೋಡಿದೆ. ಅದರಲ್ಲಿ ಹನ್ನೊಂದು ಜನ ಚನ್ನಪಟ್ಟಣದ ಲೇತಿನವರು. ಗೋಡೆಯ ಮೇಲೆ ನಲವತ್ತು ಪದ, ನಲವತ್ತೂ ಕೂಗುವಂಥವು. ಕೂಗಿಗೆ ಕೈ ಬಿಡದಂತೆ ಪಳಗಿದವರನ್ನು ಕೂಗಿ ಕಾಪಾಡಲು ಹೊರಟಿದ್ದಾರೆ ಎಂದು ನನಗೆ ಹೊಳೆಯಲಿಲ್ಲ ಎಂದು ಬರೆಯಬಹುದು. ಹೊಳೆದಿತ್ತು. ಆ ಗಳಿಗೆಯಲ್ಲೇ ಹೊಳೆದಿತ್ತು. ಎಂಥ ಮುಕ್ತಾಯ ಎಂದು ಮೈ ಜುಮ್ಮೆಂದಿತ್ತು. ಹೇಳಬೇಕಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೆ, ಹೇಳಿಬಿಟ್ಟರೆ ಕತೆ ಹೋಗುತ್ತದೆ ಎಂದೂ ಅಂದುಕೊಂಡೆ. ಹಾಗೆ ಎರಡು ತಿಂಗಳು ಕಳೆಯಿತು.

ನೇತ್ರಾಳಿಗೂ ಗೊತ್ತಿತ್ತು. ಅಪ್ಪನ ಹೆಗಲು ಮುಟ್ಟುತ್ತಲೇ ಬೆಳೆದವಳು ಅವಳು. ಆದರೆ ಮನೆಯ ಅಭ್ಯಾಸವನ್ನು ಯಾರೂ ಚಾರ್ಟಿನಲ್ಲಿ ಬರೆಯುವುದಿಲ್ಲ. ಅದು ಅಷ್ಟು ಹತ್ತಿರದಲ್ಲಿದ್ದುದರಿಂದ ಅವಳಿಗೆ ಕಾಣಲಿಲ್ಲ. ದೂರದಿಂದ ನೋಡಿದವನು ನಾನು, ನನಗೆ ಕಂಡಿತ್ತು.

೬

ಆ ಪುಟವನ್ನು ಅವಳು ಓದಿದಳು. ಬೈಯಲಿಲ್ಲ. ಬೈದಿದ್ದರೆ ಇಲ್ಲಿ ಒಂದು ಒಳ್ಳೆಯ ಸಂಭಾಷಣೆ ಇರುತ್ತಿತ್ತು, ನನಗೂ ಎದೆ ಹಗುರಾಗುತ್ತಿತ್ತು. ಅವಳು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟು, ಆವತ್ತು ಹತ್ತೂವರೆಗೆ ನೀವು ಎಲ್ಲಿದ್ದಿರಿ ಎಂದಷ್ಟೇ ಕೇಳಿದಳು.

ಕ್ಯಾಂಟೀನಿನಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದೆ. ಸೈರನ್ ಕೇಳಿತು. ಸೈರನ್ನಿಗೆ ಅಕ್ಷರಗಳಿರಲಿಲ್ಲ, ಉದ್ದಕ್ಕೂ ಒಂದೇ ಭಾರ. ಎಲ್ಲರೂ ಶೆಡ್ಡಿನ ಕಡೆ ಓಡಿದರು. ನಾನು ಲೋಟ ಕೆಳಗಿಟ್ಟು ಗೇಟಿನ ಕಡೆ ನಡೆದೆ. ಬಸ್ಸು ಹತ್ತಿದೆ, ಮಾಗಡಿಗೆ ಹೋದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಾರನ್ನೂ ಕೇಳಲಿಲ್ಲ. ಚನ್ನಪಟ್ಟಣದ ಮೇಲೆ ಹೋಗುವ ರೈಲಿನಲ್ಲಿ ಕೂತರೆ ಇವತ್ತಿಗೂ ಆ ಸ್ಟೇಷನ್ ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ. ಹಾಗಾಗಿ ನಿಜವಾಗಿ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಸೈರನ್ನನ್ನು ಟೆಸ್ಟ್ ಮಾಡಲು ಕೂಡ ಬಾರಿಸುತ್ತಿದ್ದರು. ಗುರುವಾರಗಳಲ್ಲೂ ಬಾರಿಸುತ್ತಿದ್ದರು.

ನೇತ್ರಾ ಇದನ್ನೂ ಕೇಳಿಸಿಕೊಂಡಳು. ಆಮೇಲೆ ಪ್ಯಾಡನ್ನು ಎತ್ತಿಕೊಂಡು ಭಾಗ ಐದಕ್ಕೆ ವಾಪಸ್ಸು ಹೋದಳು.

ನೋಡಿ, ಅಲ್ಲಿದ್ದಾಳೆ. ಹಳದಿ ಗೆರೆಯ ಈಚೆ, ಎಂಟು ಹೆಜ್ಜೆ ದೂರ. ನಾಚಪ್ಪನ ಬಾಯಿ ತೆರೆದಿದೆ. ಮೊದಲ ಅಕ್ಷರ ಹೊರಬಿದ್ದಿದೆ, ದಯಾನಂದನ ಕಿವಿಗೆ ತಲುಪಿದೆ, ಅರ್ಥವೂ ಆಗಿದೆ. ಅವನ ಹುಬ್ಬು ಅಲುಗಿತು. ಕೈ ಕದಲಲಿಲ್ಲ, ಹಿಡಿದ ಸುತ್ತು ಮುಗಿದಿಲ್ಲ. ಪ್ರೆಸ್ಸು ಇಳಿಯುತ್ತಿದೆ.

ನೇತ್ರಾ ಪ್ಯಾಡ್ ಎಸೆದಳು. ಅವಳು ಕೂಗಲಿಲ್ಲ. ಹಳದಿ ಗೆರೆ ದಾಟಿದಳು.

ನಾನು ಇಲ್ಲಿ ಲೆಕ್ಕ ಹಾಕಿದೆ. ಒಂದೂವರೆ ಸೆಕೆಂಡಿನಲ್ಲಿ ಅರ್ಧ ಕಳೆದಿದೆ, ಸೀರೆ ಉಟ್ಟವಳು ಎಂಟು ಹೆಜ್ಜೆ ಓಡಬೇಕು. ಆಗುವುದಿಲ್ಲ. ಎಷ್ಟು ಸಲ ಹಾಕಿದರೂ ಆಗುವುದಿಲ್ಲ. ಹೆಜ್ಜೆ ಕಡಿಮೆ ಮಾಡೋಣವೆಂದರೆ ಭಾಗ ಐದರಲ್ಲಿ ಎಂಟು ಎಂದು ಆಗಲೇ ನಿಮಗೆ ಹೇಳಿಬಿಟ್ಟಿದ್ದೇನೆ. ಓಡುತ್ತಲೇ ಅವಳು ನನ್ನ ಕಡೆ ತಿರುಗಿದಳು.

"ಲೆಕ್ಕ ಹಾಕ್ಬೇಡಿ ಸಾರ್. ಎರಡನೇ ಅಕ್ಷರ ಬರೀಬೇಡಿ, ಅಷ್ಟು ಸಾಕು. ನಾನ್ ಮುಟ್ಟುದ್ರೆ ಬುಡ್ತಾನೆ."

ಹಾಗಾಗಿ ಬರೆದಿಲ್ಲ. ಪದ ಮುಗಿಯದೆ ಪ್ರೆಸ್ಸು ಪೂರ್ತಿ ಇಳಿಯುವಂತಿಲ್ಲ ಎಂಬುದು ನಾನು ಮಾಡಿಕೊಂಡ ನಿಯಮ, ಯಾವ ಪುಸ್ತಕದಲ್ಲೂ ಇಲ್ಲ. ವರ್ಷಗಳಿಂದ ಈ ಹಾಳೆಯ ಮುಂದೆ ಕೂತಿದ್ದೇನೆ. ಕೂತಾಗಲೆಲ್ಲ ಅವಳು ಅರ್ಧ ಹೆಜ್ಜೆ ಮುಂದೆ ಬಂದಿರುತ್ತಾಳೆ. ಈ ಸಲ ಶುರು ಮಾಡಿದಾಗ ಮೂರು ಹೆಜ್ಜೆ ಉಳಿದಿತ್ತು. ಈಗ ಕೈ ಚಾಚಿದ್ದಾಳೆ. ಅವಳ ಬೆರಳಿಗೂ ಅಣ್ಣನ ನೀಲಿ ಅಂಗಿಯ ಹೆಗಲಿಗೂ ನಡುವೆ ಒಂದು ಅಂಗೈ ಅಗಲದ ಜಾಗ ಇದೆ.

ಎರಡನೇ ಅಕ್ಷರ ಯಾವುದೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬಾಯಿ ಬಿಟ್ಟು ಓದಬೇಡಿ. ನನಗೆ ಭಯವಾಗುತ್ತದೆ.

ಕತೆ ಮುಗಿಸಿ ಕೊಡಿ ಎಂದು ಸಂಪಾದಕರು ಫೋನಿನಲ್ಲಿ ಕೂಗುತ್ತಿದ್ದಾರೆ. ಊಟಕ್ಕೆ ಬನ್ನಿ ಎಂದು ಒಳಗಿನಿಂದ ಹೆಂಡತಿ ಕೂಗುತ್ತಿದ್ದಾಳೆ. ಕೇಳಿಸುತ್ತಿದೆ. ಪೆನ್ನು ಮೊದಲ ಅಕ್ಷರದ ಮೇಲಿದೆ, ಒತ್ತಿ ಹಿಡಿದಿದ್ದೇನೆ. ಯಾರಾದರೂ ಬಂದು ನನ್ನ ಹೆಗಲು ಮುಟ್ಟುವವರೆಗೆ ಕೈ ಎತ್ತುವುದಿಲ್ಲ.